ಗಂಡಾಳು, ಹೆಣ್ಣಾಳು ಮತ್ತು ಫೋರ್ಡ್ ಕಾರಿನ ಸೀಟು

ಹೋದ ತಿಂಗಳು ಊರಿಗೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ತಲೆಗೆ ಬಂತು. ಇಲಿ ಕಡಿದ ಚಾಪೆ, ತೂತು ಬಿದ್ದ ಕೊಳಗ, ಯಾರದೋ ಮದುವೆಯ ಕರೆಯೋಲೆಗಳ ಕಟ್ಟು... ಇವುಗಳ ನಡುವೆ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಕೆಂಪು ರಟ್ಟಿನ, ಉದ್ದನೆಯ ಪುಸ್ತಕ. ಪ್ರತಿ ಪುಟದಲ್ಲೂ ಸ್ಕೇಲು ಇಟ್ಟು ಎಳೆದ ಗೆರೆಗಳು, ಮೇಲೆ ಎರಡು ಕಲಂ. ಒಂದಕ್ಕೆ 'ಗಂಡಾಳು', ಇನ್ನೊಂದಕ್ಕೆ 'ಹೆಣ್ಣಾಳು'. ಎರಡನೇ ಕಲಮಿನ ಕೂಲಿ ಮೊದಲನೆಯದಕ್ಕಿಂತ ಕಡಿಮೆ. ಪುಟ ತಿರುಗಿಸಿದಂತೆ ವರ್ಷಗಳು ಕಳೆಯುತ್ತವೆ, ಎರಡೂ ಕಲಮಿನ ದರ ಮೇಲೇರುತ್ತದೆ, ಆದರೆ ನಡುವಿನ ಅಂತರ ಮಾತ್ರ ಹಾಗೇ ಇರುತ್ತದೆ.

ಅಜ್ಜ ಯಾರ ಹೊಟ್ಟೆಯ ಮೇಲೂ ಹೊಡೆದವನಲ್ಲ ಬಿಡಿ. ಊರಿಗೆ ಊರೇ ಕೊಡುತ್ತಿದ್ದ ದರ ಅದು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಪುಟ. ಅಡಿಕೆ ಸುಲಿಯುವ ಕಾಲದ ಪುಟಗಳಲ್ಲಿ ಈ ಎರಡು ಕಲಂ ಇಲ್ಲವೇ ಇಲ್ಲ! ಅಲ್ಲಿ ಬರೀ ಹೆಸರು ಮತ್ತು ಡಬ್ಬದ ಲೆಕ್ಕ. ಎಷ್ಟು ಡಬ್ಬ ಸುಲಿದರೆ ಅಷ್ಟು ದುಡ್ಡು, ಸುಲಿದವರು ಯಾರಾದರೇನು. ರಾತ್ರಿ ಗ್ಯಾಸ್‌ಲೈಟಿನ ಬೆಳಕಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸರಸರ ಸುಲಿಯುವುದು ಹುಡುಗಾಟದ ಕೆಲಸವಲ್ಲ. ನಾನು ಪ್ರಯತ್ನಿಸಿ ಬೆರಳು ಕುಯ್ದುಕೊಂಡದ್ದಿದೆ. ಆದರೂ ನಮ್ಮ ಕಡೆ ಅದನ್ನು ಯಾರೂ 'ಕಲಿತ ಕೆಲಸ' ಅನ್ನುವುದಿಲ್ಲ. ಮರ ಹತ್ತಿ ಕೊನೆ ಕೊಯ್ಯುವುದು ಕಲಿತ ಕೆಲಸ, ಸುಲಿಯುವುದು 'ಹೆಂಗಸರೂ ಮಾಡುವ' ಕೆಲಸ.

ಈ ಕಲಿತ ಕೆಲಸ-ಕಲಿಯದ ಕೆಲಸದ ಗಲಾಟೆಯೇ ನನಗೆ ಫೋರ್ಡ್ ಕಾರ್ಖಾನೆಯ ಕಥೆಯನ್ನು ನೆನಪಿಸಿತು. 2010ರಲ್ಲಿ ಬಂದ 'ಮೇಡ್ ಇನ್ ಡ್ಯಾಗನಮ್' ಸಿನಿಮಾವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಲಂಡನ್ನಿನ ಅಂಚಿನ ಕಾರು ಕಾರ್ಖಾನೆಯಲ್ಲಿ ಸೀಟಿನ ಕವರು ಹೊಲಿಯುವ ಹೆಂಗಸರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿ, ಮಂತ್ರಿಯ ಜೊತೆ ಚಹಾ ಕುಡಿದು, ಗೆದ್ದು ಬರುವ ಕಥೆ. ಒಳ್ಳೆಯ ಸಿನಿಮಾ, ನಗಿಸುತ್ತದೆ, ಕಣ್ಣಲ್ಲಿ ನೀರೂ ತರಿಸುತ್ತದೆ. ಆದರೆ ನಂತರ ಅದರ ಬಗ್ಗೆ ಓದುತ್ತಾ ಹೋದಾಗ ಗೊತ್ತಾದದ್ದು, ಆ ಹೆಂಗಸರು ಮೊದಲಿಗೆ ಕೇಳಿದ್ದು ಸಮಾನ ವೇತನವನ್ನಲ್ಲ. ಕೇಳಿದ್ದು ಬೇರೆ, ಸಿಕ್ಕಿದ್ದು ಬೇರೆ. ಕೇಳಿದ್ದು ಸಿಗಲು ಇನ್ನೂ ಹದಿನಾರು ವರ್ಷ ಹಿಡಿಯಿತು. ಆ ಭಾಗ ನನಗೆ ಸಿನಿಮಾಕ್ಕಿಂತ ಹೆಚ್ಚು ಹಿಡಿಸಿತು. ಅದನ್ನು ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ :)

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟವಾದ ಟಿಯುಸಿ ಸಮಾನ ವೇತನದ ನಿರ್ಣಯವನ್ನು ಮೊದಲ ಬಾರಿ ಒಪ್ಪಿದ್ದು 1888ರಲ್ಲಿ, ಬ್ರಾಡ್‌ಫರ್ಡ್ ಅಧಿವೇಶನದಲ್ಲಿ. ಮಂಡಿಸಿದವರು ಕ್ಲೆಮೆಂಟಿನಾ ಬ್ಲ್ಯಾಕ್ ಎಂಬ ಮಹಿಳೆ. ಹೌದು, 1888. ನಮ್ಮ ಕಾಂಗ್ರೆಸ್ಸಿಗೆ ಆಗ ಮೂರು ವರ್ಷ ವಯಸ್ಸು. ನಿರ್ಣಯ ಒಪ್ಪಿದ ಗಂಡಸರೆಲ್ಲರ ಮನಸ್ಸಲ್ಲಿ ಹೆಂಗಸರ ಮೇಲಿನ ಪ್ರೀತಿಯೇ ಇತ್ತು ಅಂತೇನೂ ಅಲ್ಲ. ಹೆಂಗಸರು ಕಡಿಮೆ ದುಡ್ಡಿಗೆ ಕೆಲಸ ಮಾಡಿದರೆ ಮಾಲೀಕರು ಗಂಡಸರನ್ನು ಬಿಡಿಸಿ ಹೆಂಗಸರನ್ನೇ ತುಂಬಿಕೊಳ್ಳುತ್ತಾರೆ ಅನ್ನೋ ಭಯವೂ ಇತ್ತು. ಇಬ್ಬರಿಗೂ ಒಂದೇ ದರ ಅಂದರೆ ಮಾಲೀಕ ಹೆಂಗಸರನ್ನು ಯಾಕೆ ತೆಗೆದುಕೊಳ್ಳುತ್ತಾನೆ, ಅನ್ನೋ ಲೆಕ್ಕಾಚಾರ. ಕಾರಣ ಏನೇ ಇರಲಿ, ನಿರ್ಣಯ ಪುಸ್ತಕದಲ್ಲಿ ಸೇರಿತು. ಆಮೇಲೆ ಎಂಬತ್ತು ವರ್ಷ ಬಹುಪಾಲು ಅಲ್ಲೇ ಇತ್ತು.

ನಡುನಡುವೆ ಕಿಡಿ ಹಾರಿದ್ದುಂಟು, ಅದೂ ಯುದ್ಧದ ಕಾಲದಲ್ಲಿ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಬಸ್ಸು ಟ್ರಾಮುಗಳಲ್ಲಿ ಹೆಂಗಸರು ಕಂಡಕ್ಟರುಗಳಾದರು. 1918ರ ಆಗಸ್ಟಿನಲ್ಲಿ ಗಂಡಸರಿಗೆ ವಾರಕ್ಕೆ ಐದು ಶಿಲಿಂಗ್ ಯುದ್ಧದ ಬೋನಸ್ ಕೊಟ್ಟು ಇವರಿಗೆ ಇಲ್ಲ ಅಂದಾಗ, ಲಂಡನ್ನಿನ ವಿಲ್ಸ್‌ಡನ್ ಗ್ಯಾರೇಜಿನ ಹೆಂಗಸರು ಬಸ್ಸು ನಿಲ್ಲಿಸಿ ಹೊರಬಂದರು. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಐದು ಶಿಲಿಂಗ್ ಸಿಕ್ಕಿತು. ಯುದ್ಧ ಮುಗಿದ ಮೇಲೆ ಕೆಲಸವೇ ಹೋಯಿತು, ಅದು ಬೇರೆ ಮಾತು.

ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1940ರಲ್ಲಿ ಎಂಜಿನಿಯರಿಂಗ್ ಮಾಲೀಕರಿಗೂ ಸಂಘಕ್ಕೂ ಒಂದು ಒಪ್ಪಂದವಾಯಿತು. ಗಂಡಸಿನ ಕೆಲಸವನ್ನು ಹೆಂಗಸು ಮಾಡಿದರೆ, ಹೆಚ್ಚುವರಿ ಸಹಾಯವಿಲ್ಲದೆ ಮಾಡಿದರೆ, 32 ವಾರಗಳ ನಂತರ ಗಂಡಸಿನ ಸಂಬಳ. ಕೇಳಲು ಚೆನ್ನಾಗಿದೆ, ಅಲ್ಲವೇ? ಮಾಲೀಕರು ಮಾಡಿದ್ದು ಇಷ್ಟೇ: ಕೆಲಸವನ್ನು ಎರಡಾಗಿ ಸೀಳಿ ಹಂಚಿದರು, ಇಲ್ಲವೇ ಯಂತ್ರ ಹೊಂದಿಸಲು ಒಬ್ಬ ಗಂಡಸನ್ನು ಪಕ್ಕದಲ್ಲಿ ನಿಲ್ಲಿಸಿದರು. ಆಯಿತು, 'ಸಹಾಯ ಇದೆ', ಪೂರ್ತಿ ಸಂಬಳ ಇಲ್ಲ. ಆ ಸಂಘವಾದರೂ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1943ರ ಜನವರಿಯಲ್ಲಿ. ಅಂದರೆ ಅವರ ಪರವಾಗಿ ಸಹಿ ಹಾಕುವಾಗ ಅವರು ಸದಸ್ಯರೇ ಆಗಿರಲಿಲ್ಲ!

ಅದೇ 1943ರ ಕೊನೆಯಲ್ಲಿ ಗ್ಲ್ಯಾಸ್ಗೋ ಹತ್ತಿರದ ಹಿಲಿಂಗ್ಟನ್‌ನಲ್ಲಿ, ವಿಮಾನದ ಎಂಜಿನ್ ಮಾಡುವ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ ಸಾವಿರಾರು ಹೆಂಗಸರು ಕೆಲಸ ನಿಲ್ಲಿಸಿದರು. ಅಲ್ಲಿನ ಗಂಡಸರೂ ಅವರ ಜೊತೆ ಹೊರಬಂದರು. ಕೊನೆಗೆ ಆದ ಒಪ್ಪಂದ ನೋಡಿ: ಕಾರ್ಖಾನೆಯ ಒಂದೊಂದು ಯಂತ್ರವನ್ನೂ ಹೆಸರಿಸಿ, ಆ ಯಂತ್ರದ ಕೆಲಸಕ್ಕೆ ಇಷ್ಟು ಅಂತ ದರ ಬರೆದರು. ಮುಂದೆ ನಿಂತವರು ಗಂಡೋ ಹೆಣ್ಣೋ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ ಅಡಿಕೆ ಡಬ್ಬದ ಹಾಗೆ.

ಮರುವರ್ಷ ಇನ್ನೊಂದು ತಮಾಷೆ. 1944ರ ಮಾರ್ಚಿನಲ್ಲಿ ಶಿಕ್ಷಣ ಮಸೂದೆಯ ಚರ್ಚೆಯಲ್ಲಿ ಥೆಲ್ಮಾ ಕ್ಯಾಜ಼ಲೆಟ್-ಕೀರ್ ಎಂಬ ಸಂಸದೆ, ಮೇಷ್ಟ್ರುಗಳಿಗೂ ಮೇಡಂಗಳಿಗೂ ಒಂದೇ ಸಂಬಳ ಕೊಡಬೇಕೆಂಬ ತಿದ್ದುಪಡಿ ತಂದರು. ಆಕೆ ಚರ್ಚಿಲ್ ಪಕ್ಷದವರೇ. ತಿದ್ದುಪಡಿ 117ಕ್ಕೆ 116, ಒಂದೇ ಒಂದು ಮತದಿಂದ ಗೆದ್ದಿತು. ಹಿಟ್ಲರನಿಗೆ ಹೆದರದ ಚರ್ಚಿಲ್ ಇದಕ್ಕೆ ಕೆಂಡಾಮಂಡಲವಾಗಿ, ಇದು ಸರ್ಕಾರದ ಮೇಲಿನ ವಿಶ್ವಾಸಮತದ ಪ್ರಶ್ನೆ ಅಂತ ಮತ್ತೆ ಮತಕ್ಕೆ ಹಾಕಿಸಿ ಅದನ್ನು ಬೀಳಿಸಿದರು. ಶಿಕ್ಷಕಿಯರಿಗೆ, ಸರ್ಕಾರಿ ನೌಕರಿಯ ಹೆಂಗಸರಿಗೆ ಪೂರ್ತಿ ಸಮಾನ ಸಂಬಳ ಬಂದದ್ದು 1961ರ ಹೊತ್ತಿಗೆ. ಕಾರ್ಖಾನೆಯವರಿಗೆ ಅದೂ ಇಲ್ಲ.

ಈಗ ಡ್ಯಾಗನಮ್‌ಗೆ ಬರೋಣ.

ಥೇಮ್ಸ್ ನದಿಯ ದಡದಲ್ಲಿ ಫೋರ್ಡಿನ ದೈತ್ಯ ಕಾರ್ಖಾನೆ. ಅಲ್ಲಿನ 'ರಿವರ್ ಪ್ಲಾಂಟ್' ಅನ್ನುವ ಭಾಗದಲ್ಲಿ 187 ಹೆಂಗಸರು ಹೊಲಿಗೆ ಯಂತ್ರಗಳ ಮುಂದೆ ಕೂತು ಕಾರಿನ ಸೀಟಿನ ಕವರು ಹೊಲಿಯುತ್ತಿದ್ದರು. ನಮ್ಮ ಮನೆಯ ಕಾಲ್ತುಳಿ ಮಷೀನು ನೆನಪಿಸಿಕೊಳ್ಳಬೇಡಿ. ದಪ್ಪ ವಿನೈಲ್ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ಹೊಲಿಯುವ ಭಾರೀ ಯಂತ್ರಗಳು ಅವು. ಕಣ್ಣಂದಾಜು, ಕೈಹಿಡಿತ ಎರಡೂ ಬೇಕು, ತಪ್ಪಿದರೆ ಸೂಜಿ ಬೆರಳೊಳಗೆ. ಕೆಲಸಕ್ಕೆ ಸೇರುವ ಮುನ್ನ ಹೊಲಿದು ತೋರಿಸುವ ಪರೀಕ್ಷೆ ಪಾಸಾಗಬೇಕಿತ್ತು. ನೆನಪಿಡಿ, ಪರೀಕ್ಷೆ. ಮುಂದೆ ಬೇಕಾಗುತ್ತದೆ.

1967ರವರೆಗೆ ಫೋರ್ಡಿನಲ್ಲಿ ನಾಲ್ಕು ದರ್ಜೆಯ ಸಂಬಳವಿತ್ತು: ಕುಶಲ ಗಂಡಸು, ಅರೆಕುಶಲ ಗಂಡಸು, ಅಕುಶಲ ಗಂಡಸು, ಹೆಂಗಸು. ಅಷ್ಟೇ! ಹೆಂಗಸಿನಲ್ಲಿ ಕುಶಲ, ಅಕುಶಲ ಅನ್ನೋ ಭೇದವೇ ಇಲ್ಲ. ನೆಲ ಗುಡಿಸುವ ಗಂಡಸಿಗೂ ಆಕೆಗಿಂತ ಹೆಚ್ಚು ಸಂಬಳ. ಅಜ್ಜನ ಪುಸ್ತಕದ ಎರಡು ಕಲಮಿಗೆ ಇಂಗ್ಲೆಂಡಿನಲ್ಲಿ ನಾಲ್ಕು ಕಲಂ ಇದ್ದವು ಅಂತಿಟ್ಟುಕೊಳ್ಳಿ.

1967ರಲ್ಲಿ ಕಂಪನಿಯವರು ಇದನ್ನು ಬದಲಿಸಿದರು. ಹೊರಗಿನ ಸಲಹೆಗಾರರನ್ನು ಕರೆಸಿ 'ಕೆಲಸದ ಮೌಲ್ಯಮಾಪನ' ಮಾಡಿಸಿದರು. ಪ್ರತಿ ಕೆಲಸಕ್ಕೂ ಎಷ್ಟು ಕೌಶಲ ಬೇಕು, ಎಷ್ಟು ಶ್ರಮ, ಎಷ್ಟು ಜವಾಬ್ದಾರಿ ಅಂತ ಅಳೆದು, ತೂಗಿ, ಎ ಇಂದ ಇ ವರೆಗೆ ಐದು ಗ್ರೇಡುಗಳಲ್ಲಿ ಕೂರಿಸುವುದು. ನಾವು ಸಾಫ್ಟ್‌ವೇರಿನವರಿಗೆ ಇದು ಹೊಸದೇನಲ್ಲ. ವರ್ಷಕ್ಕೊಮ್ಮೆ ಇಂಥದೇ ಒಂದು ಕೋಷ್ಟಕದಲ್ಲಿ ನಮ್ಮನ್ನೂ ಕೂರಿಸುತ್ತಾರೆ, 'ಪ್ರಕ್ರಿಯೆ ಸಂಪೂರ್ಣ ವಸ್ತುನಿಷ್ಠ' ಅಂತ ಒಂದು ಮೇಲ್ ಬರುತ್ತದೆ. ಕೋಷ್ಟಕ ವಸ್ತುನಿಷ್ಠವೇ ಇರಬಹುದು, ಆದರೆ ಯಾವುದಕ್ಕೆ ಎಷ್ಟು ತೂಕ ಅಂತ ಮೊದಲೇ ಒಬ್ಬ ಮನುಷ್ಯ ಕೂತು ನಿರ್ಧರಿಸಿರುತ್ತಾನಲ್ಲ. ಭಾರ ಎತ್ತುವುದಕ್ಕೆ ಇಷ್ಟು, ಬೆರಳಿನ ಚುರುಕಿಗೆ ಇಷ್ಟು. ಪ್ರೋಗ್ರಾಮಿಗೆ ಕೊಡುವ ಇನ್‌ಪುಟ್ಟಿನಲ್ಲೇ ಐಬಿದ್ದರೆ ಔಟ್‌ಪುಟ್ಟಿನ ಬಗ್ಗೆ ಜಗಳವಾಡಿ ಏನು ಬಂತು?

ಫಲಿತಾಂಶ ಬಂದಾಗ ಹೊಲಿಗೆಯ ಹೆಂಗಸರು ಬಿ ಗ್ರೇಡಿನಲ್ಲಿದ್ದರು. ಬಿ ಅಂದರೆ ಕಡಿಮೆ ಕೌಶಲದ ಕೆಲಸ. ಅವರು ಎದುರುನೋಡಿದ್ದು ಸಿ. ಸಾಲದ್ದಕ್ಕೆ ಆ ಬಿ ಗ್ರೇಡಿನ ಸಂಬಳವೂ ಪೂರ್ತಿ ಇಲ್ಲ, ಅದೇ ಗ್ರೇಡಿನ ಗಂಡಸಿಗಿಂತ ಶೇ. 15 ಕಡಿಮೆ. ಅಂದರೆ ಎರಡು ಪೆಟ್ಟು. ಒಂದು, ನಿನ್ನದು ಕಲಿತ ಕೆಲಸವಲ್ಲ ಅನ್ನುವುದು. ಇನ್ನೊಂದು, ಕಲಿಯದ ಕೆಲಸಕ್ಕೂ ಗಂಡಸಿನ ಕೂಲಿ ನಿನಗಿಲ್ಲ ಅನ್ನುವುದು. ಈ ಹೊಸ ರಚನೆಗೆ ಕಂಪನಿಯ ಜೊತೆ ಕೂತು ಒಪ್ಪಿಗೆ ಕೊಟ್ಟವರಲ್ಲಿ ಕಾರ್ಮಿಕ ಸಂಘಗಳೂ ಇದ್ದವು ಅನ್ನುವುದನ್ನು ಮರೆಯಬಾರದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೆಂಗಸರನ್ನು ಕೆರಳಿಸಿದ್ದು ಮೊದಲನೇ ಪೆಟ್ಟು. ಶೇ. 15ರ ವ್ಯತ್ಯಾಸ ಹಳೆಯದು, ಎಲ್ಲ ಕಾರ್ಖಾನೆಯಲ್ಲೂ ಇದ್ದದ್ದು, ಒಂದು ರೀತಿ ರೂಢಿಯಾಗಿ ಹೋಗಿತ್ತು. ಆದರೆ ಪರೀಕ್ಷೆ ತೆಗೆದುಕೊಂಡು ಒಳಗೆ ಬಿಟ್ಟವರೇ ಈಗ 'ಇದರಲ್ಲಿ ಅಂಥಾ ಕೌಶಲವೇನಿಲ್ಲ' ಅಂದರೆ? ಕೌಶಲವಿಲ್ಲದ ಕೆಲಸಕ್ಕೆ ಪರೀಕ್ಷೆ ಯಾಕೆ ಇಟ್ಟಿರಿ? ಇದು ದುಡ್ಡಿನ ಪ್ರಶ್ನೆಗಿಂತ ಮರ್ಯಾದೆಯ ಪ್ರಶ್ನೆ. ನಮ್ಮಮ್ಮ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳು. 'ನೀನೇನು ದೊಡ್ಡ ಟೈಲರಾ' ಅಂತ ಯಾರೋ ನೆಂಟರು ತಮಾಷೆ ಮಾಡಿದಾಗ ಅವಳ ಮುಖ ಹೇಗಾಗಿತ್ತು ಅನ್ನುವುದು ನನಗೆ ಈಗಲೂ ನೆನಪಿದೆ.

ಮನವಿ, ಮಾತುಕತೆಗಳಲ್ಲಿ ತಿಂಗಳುಗಳು ಕಳೆದವು. ಕೊನೆಗೆ 1968ರ ಜೂನ್ 7ರಂದು ಆ 187 ಜನ ಹೊಲಿಗೆ ಯಂತ್ರ ನಿಲ್ಲಿಸಿ ಹೊರನಡೆದರು. ರೋಸ್ ಬೋಲಂಡ್, ಐಲೀನ್ ಪುಲೆನ್, ವೆರಾ ಸೈಮ್, ಗ್ವೆನ್ ಡೇವಿಸ್, ಶೀಲಾ ಡಗ್ಲಾಸ್ ಇವರೆಲ್ಲ ಮುಂದಾಳುಗಳು. ಸಿನಿಮಾದ ನಾಯಕಿ ರೀಟಾ ಓ'ಗ್ರೇಡಿ ಎಂಬ ಹೆಂಗಸು ಯಾರೂ ಇರಲಿಲ್ಲ, ಆಕೆ ಇವರನ್ನೆಲ್ಲ ಬೆರೆಸಿ ಮಾಡಿದ ಪಾತ್ರ. ಸ್ವಲ್ಪ ದಿನಕ್ಕೆ ಲಿವರ್‌ಪೂಲ್ ಹತ್ತಿರದ ಹೇಲ್‌ವುಡ್ ಕಾರ್ಖಾನೆಯ ಹೊಲಿಗೆಯ ಹೆಂಗಸರೂ ಸೇರಿಕೊಂಡರು.

ಕಾರ್ಖಾನೆಯ ಹತ್ತಾರು ಸಾವಿರ ಗಂಡಸರ ನಡುವೆ 187 ಹೆಂಗಸರು ಯಾವ ಲೆಕ್ಕ ಅಂತ ಶುರುವಿನಲ್ಲಿ ಅನ್ನಿಸಿರಬೇಕು. ಆದರೆ ಸೀಟಿಲ್ಲದ ಕಾರನ್ನು ಯಾರಿಗೆ ಮಾರುತ್ತೀರಿ? ಗೋದಾಮಿನಲ್ಲಿದ್ದ ಕವರುಗಳ ದಾಸ್ತಾನು ಮುಗಿಯುತ್ತಿದ್ದ ಹಾಗೆ ಅಸೆಂಬ್ಲಿ ಲೈನು ಏದುಸಿರು ಬಿಡತೊಡಗಿತು. ಸೀಟಿಲ್ಲದ ಕಾರುಗಳು ಸಾಲುಗಟ್ಟಿ ನಿಂತವು. ಉತ್ಪಾದನೆ ನಿಂತಿತು, ಗಂಡಸರನ್ನು ಮನೆಗೆ ಕಳಿಸಿದರು. ಅವರಲ್ಲಿ ಎಷ್ಟೋ ಜನ ಇದೇ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರು. ಮನೆಯಲ್ಲಿ ಎರಡು ಸಂಬಳವೂ ನಿಂತ ಮೇಲೆ ಊಟದ ಹೊತ್ತಿನಲ್ಲಿ ಏನೇನು ಮಾತು ನಡೆದಿರಬಹುದು, ಊಹಿಸಿಕೊಳ್ಳಿ. ಬೆಂಬಲಿಸಿದ ಗಂಡಸರೂ ಇದ್ದರು, ಬೈದುಕೊಂಡವರೂ ಇದ್ದರು.

ಅಂದ ಹಾಗೆ, ಆ ಬ್ಯಾನರಿನ ಕಥೆ. 'ವಿ ವಾಂಟ್ ಸೆಕ್ಸ್ ಈಕ್ವಾಲಿಟಿ' ಅಂತ ಬರೆದ ಬ್ಯಾನರನ್ನು ಬಿಚ್ಚುವಾಗ ಕೊನೆಯ ಪದ ಸುರುಳಿಯಲ್ಲೇ ಉಳಿದು, ದಾರಿಹೋಕರಿಗೆ ಕಂಡದ್ದು ಮೊದಲ ಮೂರು ಪದ ಮಾತ್ರ. ಜನ ಹಾರ್ನ್ ಹೊಡೆದದ್ದೇ ಹೊಡೆದದ್ದು! ಇಟಲಿಯಲ್ಲಿ ಸಿನಿಮಾ ಬಿಡುಗಡೆಯಾದದ್ದೇ ಆ ಮೂರು ಪದದ ಹೆಸರಲ್ಲಿ.

ಮುಷ್ಕರ ದೊಡ್ಡದಾದ ಹಾಗೆ ಬೇಡಿಕೆಯ ಆಕಾರ ಬದಲಾಯಿತು. 'ನಮ್ಮನ್ನು ಸಿ ಗ್ರೇಡಿಗೆ ಹಾಕಿ' ಅನ್ನುವುದು ಫೋರ್ಡಿನ ಗೇಟಿನಾಚೆ ಯಾರಿಗೆ ಅರ್ಥವಾಗಬೇಕು? 'ಹೆಂಗಸರಿಗೆ ಗಂಡಸರಷ್ಟೇ ಸಂಬಳ ಕೊಡಿ' ಅಂದರೆ ಇಡೀ ದೇಶಕ್ಕೆ ಅರ್ಥವಾಗುತ್ತದೆ. ಸಂಘದ ಮುಖಂಡರು ಆ ದಿಕ್ಕಿಗೆ ತಿರುಗಿಸಿದರು, ಪತ್ರಿಕೆಗಳೂ ಹಾಗೇ ಬರೆದವು. ಇದರಲ್ಲಿ ಸಂಚೇನಿಲ್ಲ ಅನ್ನಿಸುತ್ತದೆ ನನಗೆ. ಆದರೆ ಲಾಭ ಎಲ್ಲರಿಗೂ ಇತ್ತು. ಗ್ರೇಡು ಮುಟ್ಟಿದರೆ ಒಂದು ವರ್ಷದ ಹಿಂದಷ್ಟೇ ಸಹಿ ಹಾಕಿದ ಇಡೀ ಒಪ್ಪಂದದ ಗೋಡೆ ಅಲುಗಾಡುತ್ತದೆ. ಇವರನ್ನು ಸಿಗೆ ಏರಿಸಿದರೆ ನಾಳೆ ಇನ್ನೊಂದು ಗುಂಪು ಬಂದು ನಮ್ಮನ್ನು ಡಿಗೆ ಏರಿಸಿ ಅನ್ನುತ್ತದೆ. ಅದು ಕಂಪನಿಗೂ ಬೇಡ, ಸಂಘಕ್ಕೂ ಬೇಡ. ಸಂಬಳದ ಶೇಕಡಾ ಏರಿಸುವುದು ಅದಕ್ಕಿಂತ ಸುಲಭ. ಆ ಕಾಲದಲ್ಲಿ ಫೋರ್ಡಿನಲ್ಲಿ ಮೇಜಿನ ಆಚೀಚೆ ಕೂತಿದ್ದ ಇಬ್ಬರು, ಸಂಘದ ಹೆನ್ರಿ ಫ್ರೀಡ್ಮನ್ ಮತ್ತು ಆಡಳಿತದ ಸ್ಯಾಂಡರ್ ಮೆರೆಡೀನ್, ಹನ್ನೆರಡು ವರ್ಷದ ನಂತರ ಇದೇ ಜಗಳದ ಬಗ್ಗೆ ಜೊತೆಯಾಗಿ ಒಂದು ಪುಸ್ತಕ ಬರೆದರು. ಇಂಥ ಜೋಡಿ ಲೇಖಕರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಸರ್ಕಾರ ಮಧ್ಯೆ ಬರಲೇಬೇಕಾಯಿತು. ಹೆರಾಲ್ಡ್ ವಿಲ್ಸನ್ ಪ್ರಧಾನಿ, ಉದ್ಯೋಗ ಖಾತೆಗೆ ಆಗಷ್ಟೇ ಬಂದಿದ್ದ ಮಂತ್ರಿ ಬಾರ್ಬರಾ ಕ್ಯಾಸಲ್. ಕೆಂಪು ಕೂದಲಿನ, ಜಗಳಕ್ಕೆ ಹೆದರದ ಹೆಂಗಸು. ಆಕೆಯ ಇಕ್ಕಟ್ಟು ನೋಡಿ: ದೇಶದ ಆರ್ಥಿಕ ಸ್ಥಿತಿ ಕೆಟ್ಟು, ಯಾರ ಸಂಬಳವೂ ಶೇ. 3.5ಕ್ಕಿಂತ ಹೆಚ್ಚು ಏರಬಾರದು ಅನ್ನೋ ನಿಯಮವನ್ನು ಕಾಯಬೇಕಾದ ಮಂತ್ರಿ ಆಕೆಯೇ. ಜೂನ್ 28ರಂದು ಮುಷ್ಕರದ ಮುಂದಾಳುಗಳನ್ನು ತನ್ನ ಕಚೇರಿಗೆ ಕರೆಸಿಕೊಂಡರು. ಚಹಾ ಕಪ್ಪು ಹಿಡಿದ ಆ ಪ್ರಸಿದ್ಧ ಫೋಟೋ ಅಲ್ಲಿಯದೇ. ಒಪ್ಪಂದವಾಯಿತು: ತಕ್ಷಣ ಗಂಡಸರ ಬಿ ದರದ ಶೇ. 92, ಮರುವರ್ಷ ಪೂರ್ತಿ ಬಿ ದರ. ಗ್ರೇಡಿನ ಪ್ರಶ್ನೆ? ಅದನ್ನು ಸರ್ ಜ್ಯಾಕ್ ಸ್ಕ್ಯಾಂಪ್ ನೇತೃತ್ವದ ವಿಚಾರಣಾ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ಅಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಂಗಸರ ಪರ ತೀರ್ಪು ಬರಲಿಲ್ಲ.

ಮೂರು ವಾರದ ಮುಷ್ಕರ ಮುಗಿಯಿತು. ದೇಶಕ್ಕೆಲ್ಲ ಅದು ಗೆಲುವು. ಆದರೆ ವಯಸ್ಸಾದ ಮೇಲೆ ಕೊಟ್ಟ ಸಂದರ್ಶನಗಳಲ್ಲಿ ಆ ಹೆಂಗಸರಲ್ಲಿ ಕೆಲವರು ಹೇಳಿದ್ದಿದೆ, ನಾವು ಅವತ್ತು ಗೆದ್ದೆವು ಅಂತ ನಮಗೆ ಅನ್ನಿಸಲಿಲ್ಲ ಅಂತ. ಸಂಬಳ ಏರಿತು, ಆದರೆ ಕಾಗದದ ಮೇಲೆ ಅವರು ಇನ್ನೂ ಬಿ.

ಗೆಲುವು ಆದದ್ದು ಬೇರೆಯವರಿಗೆ, ಅದನ್ನೂ ಹೇಳದಿದ್ದರೆ ಅನ್ಯಾಯ. ಡ್ಯಾಗನಮ್ ಕಿಚ್ಚು ಬೇರೆ ಸಂಘಗಳಿಗೆ ತಗುಲಿತು. ಸಮಾನ ಹಕ್ಕಿಗಾಗಿ ಸಂಘಗಳ ಹೆಂಗಸರು ಸೇರಿ ಒಂದು ರಾಷ್ಟ್ರೀಯ ಸಮಿತಿ ಕಟ್ಟಿದರು, 1969ರ ಮೇ ತಿಂಗಳಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಮೆರವಣಿಗೆ ಮಾಡಿದರು. 1970ರ ಮೇ 29ರಂದು ಸಮಾನ ವೇತನ ಕಾಯ್ದೆಗೆ ರಾಣಿಯ ಅಂಕಿತ ಬಿತ್ತು. ಮೂರು ವಾರದೊಳಗೆ ಚುನಾವಣೆ ನಡೆದು ಬಾರ್ಬರಾ ಕ್ಯಾಸಲ್ ಸರ್ಕಾರ ಸೋತಿತು. ಸ್ವಲ್ಪ ತಡವಾಗಿದ್ದರೆ ಕಾಯ್ದೆ ಏನಾಗುತ್ತಿತ್ತೋ.

ಆದರೆ ಕಾಯ್ದೆ ಜಾರಿಗೆ ಬರುವುದು 1975ರ ಡಿಸೆಂಬರ್ 29ಕ್ಕೆ! ಮಾಲೀಕರು ಹೊಂದಿಕೊಳ್ಳಲಿ ಅಂತ ಐದೂವರೆ ವರ್ಷ ಗಡುವು. ಎಷ್ಟೋ ಜನ ಆ ಗಡುವನ್ನು ಹೊಂದಿಕೊಳ್ಳಲು ಅಲ್ಲ, ತಪ್ಪಿಸಿಕೊಳ್ಳಲು ಬಳಸಿದರು. ಗಂಡಸರೂ ಹೆಂಗಸರೂ ಒಟ್ಟಿಗೆ ಮಾಡುತ್ತಿದ್ದ ಕೆಲಸಗಳನ್ನು ಬೇರ್ಪಡಿಸಿದರು, ಹೋಲಿಸಲು ಪಕ್ಕದಲ್ಲಿ ಗಂಡಸೇ ಇರದಂತೆ ಮಾಡಿದರು. ಯಾಕೆಂದರೆ ಕಾಯ್ದೆ ಹೇಳಿದ್ದು ಎರಡೇ: ಒಂದೇ ತರಹದ ಕೆಲಸವಾಗಿರಬೇಕು, ಇಲ್ಲವೇ ಕಂಪನಿಯ ಮೌಲ್ಯಮಾಪನದಲ್ಲಿ ಎರಡೂ ಕೆಲಸ ಸಮ ಅಂತ ಬಂದಿರಬೇಕು. ಮೌಲ್ಯಮಾಪನವೇ ವಕ್ರವಾಗಿದ್ದರೆ? ಡ್ಯಾಗನಮ್ ಹೆಂಗಸರ ಮೂಲ ಪ್ರಶ್ನೆಗೆ, ಅವರಿಂದಲೇ ಹುಟ್ಟಿದ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ.

ಕಾಯ್ದೆ ಜಾರಿಯಾದ ಐದು ತಿಂಗಳಿಗೆ, 1976ರ ಮೇ 24ರಂದು, ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್‌ನಲ್ಲಿ ಕಾರಿನ ವೈಪರ್ ಮಾಡುವ ಟ್ರೈಕೋ ಕಾರ್ಖಾನೆಯ ಸುಮಾರು 400 ಹೆಂಗಸರು ಹೊರಗೆ ಬಂದರು. ರಾತ್ರಿ ಪಾಳಿ ನಿಲ್ಲಿಸಿದಾಗ ಬೆರಳೆಣಿಕೆಯ ಗಂಡಸರು ಹಗಲು ಪಾಳಿಗೆ ಬಂದು ಇವರ ಪಕ್ಕದಲ್ಲೇ ಇದೇ ಕೆಲಸಕ್ಕೆ ನಿಂತಿದ್ದರು, ಆದರೆ ಹೆಚ್ಚಿನ ಸಂಬಳಕ್ಕೆ. ವಿಷಯ ನ್ಯಾಯಮಂಡಳಿಗೆ ಹೋಯಿತು. ಇಲ್ಲಿ ಎಂಜಿನಿಯರಿಂಗ್ ಸಂಘ ಒಂದು ಧೈರ್ಯದ ಕೆಲಸ ಮಾಡಿತು. ಮಂಡಳಿಗೆ ನಾವು ಬರುವುದಿಲ್ಲ ಅಂದುಬಿಟ್ಟಿತು! ಮಂಡಳಿ ಕಂಪನಿಯ ಪರ ತೀರ್ಪು ಕೊಟ್ಟಿತು. ಹೆಂಗಸರು ತೀರ್ಪನ್ನು ಪಕ್ಕಕ್ಕಿಟ್ಟು ಗೇಟಿನ ಮುಂದೆ ಕೂತೇ ಇದ್ದರು. ಆ ವರ್ಷ ಇಂಗ್ಲೆಂಡಿನಲ್ಲಿ ಕಂಡು ಕೇಳದ ಬಿಸಿಲು. 21 ವಾರ. ಅಕ್ಟೋಬರಿನಲ್ಲಿ ಕಂಪನಿ ಸೋತು ಸಮಾನ ದರ ಒಪ್ಪಿತು. ಕೋರ್ಟಿನಲ್ಲಿ ಸೋತದ್ದನ್ನು ಬೀದಿಯಲ್ಲಿ ಗೆದ್ದರು ಅನ್ನಬಹುದು. ಅದೇ ಬೇಸಿಗೆಯಲ್ಲಿ ಲಂಡನ್ನಿನ ಇನ್ನೊಂದು ಮೂಲೆಯ ಗ್ರನ್ವಿಕ್‌ನಲ್ಲಿ ಗುಜರಾತಿ ಹೆಂಗಸು ಜಯಾಬೆನ್ ದೇಸಾಯಿ ಮುಷ್ಕರ ಶುರುಮಾಡಿದ್ದು. ಅದು ಬೇರೆಯದೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

'ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ' ಅನ್ನೋ ಮಾತು ಬ್ರಿಟನ್ನಿನ ಕಾನೂನಿಗೆ ಸೇರಿದ್ದು ಯುರೋಪಿನ ನ್ಯಾಯಾಲಯ ಕಿವಿ ಹಿಂಡಿದ ಮೇಲೆ, 1984ರ ಆರಂಭದಿಂದ. ಹಡಗುಕಟ್ಟೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಜೂಲಿ ಹೇವರ್ಡ್ ಎಂಬ ಯುವತಿ, ನನ್ನ ಕೆಲಸ ಅಲ್ಲಿನ ಬಡಗಿ, ಪೇಂಟರುಗಳ ಕೆಲಸಕ್ಕೆ ಸಮ ಅಂತ ಸಂಘದ ಬೆಂಬಲದಿಂದ ವಾದಿಸಿ 1988ರಲ್ಲಿ ಲಾರ್ಡ್ಸ್ ಸಭೆಯವರೆಗೆ ಹೋಗಿ ಗೆದ್ದಳು. ಅನ್ನ ಬೇಯಿಸುವುದನ್ನೂ ಬಣ್ಣ ಬಳಿಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅಲ್ಲಿ ಅದೇ ಮೊದಲು.

ಡ್ಯಾಗನಮ್? 1984ರಲ್ಲಿ ಅಲ್ಲಿನ ಹೊಲಿಗೆಯ ಹೆಂಗಸರು ಮತ್ತೊಮ್ಮೆ ಮುಷ್ಕರ ಹೂಡಿದರು, ಈ ಸಲ ವಾರಗಟ್ಟಲೆ. ಆಗ ಸಿಕ್ಕಿತು ಸಿ ಗ್ರೇಡು.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಸಂವಿಧಾನದ 39ನೇ ವಿಧಿಯಲ್ಲೇ ನಾವು ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಬರೆದುಕೊಂಡವರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಾನ ವೇತನದ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟದ್ದು 1958ರಲ್ಲಿ, ಬ್ರಿಟನ್ ಕೊಟ್ಟದ್ದು 1971ರಲ್ಲಿ. ಹದಿಮೂರು ವರ್ಷ ನಾವೇ ಮುಂದೆ! ಆದರೆ ಕಾನೂನು ಬಂದದ್ದು ತುರ್ತು ಪರಿಸ್ಥಿತಿಯ ನಡುವೆ, 1975ರ ಸೆಪ್ಟೆಂಬರ್ 26ರ ಸುಗ್ರೀವಾಜ್ಞೆಯಾಗಿ. ಮರುವರ್ಷ ಅದು ಸಮಾನ ವೇತನ ಕಾಯ್ದೆಯಾಯಿತು. ಬ್ರಿಟನ್ನಿನ ಕಾಯ್ದೆ ಜಾರಿಗೆ ಬಂದದ್ದೂ ಅದೇ 1975ರ ಕೊನೆಗೆ. (2019ರಲ್ಲಿ ಸಂಸತ್ತು ಒಪ್ಪಿದ ವೇತನ ಸಂಹಿತೆಯೊಳಗೆ ಈಗ ನಮ್ಮ ಆ ಕಾಯ್ದೆ ಸೇರಿಹೋಗಿದೆ.)

ಆ ಕಾಯ್ದೆಯ ದೊಡ್ಡ ಮೊಕದ್ದಮೆ ಮೆಕಿನನ್ ಮೆಕೆಂಜಿ ವಿರುದ್ಧ ಆಡ್ರೆ ಡಿ'ಕೋಸ್ಟಾ. ಹಡಗು ವ್ಯವಹಾರದ ಆ ಕಂಪನಿಯಲ್ಲಿ 'ಲೇಡಿ ಸ್ಟೆನೋಗ್ರಾಫರ್'ಗಳಿಗೆ ಗಂಡು ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳವಿತ್ತು. ಕಂಪನಿಯ ವಾದ ಏನು ಗೊತ್ತೇ? ಈ ದರಗಳೆಲ್ಲ ನೌಕರರ ಸಂಘದ ಜೊತೆಗೇ ಮಾಡಿಕೊಂಡ ಒಪ್ಪಂದದ್ದು, ನಾವೇನು ಮಾಡೋಣ ಅಂತ. ಫೋರ್ಡಿನ 1967 ಮತ್ತೆ ನೆನಪಾಗಲಿಲ್ಲವೇ! ಜೊತೆಗೆ, ಕಂಪನಿಯ ಹಣಕಾಸು ಚೆನ್ನಾಗಿಲ್ಲ ಅನ್ನೋ ಗೋಳು. 1987ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ತಳ್ಳಿಹಾಕಿತು. ಸಂಘ ಸಹಿ ಹಾಕಿದ ಮಾತ್ರಕ್ಕೆ ತಾರತಮ್ಯ ಕಾನೂನುಬದ್ಧವಾಗುವುದಿಲ್ಲ, ಸಮಾನ ವೇತನ ಮಾಲೀಕನ ಕೈಯಲ್ಲಿ ಕಾಸಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿಲ್ಲ ಅಂದಿತು. ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯ. ಎರಡು ವರ್ಷದ ನಂತರ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರಲ್ಲ, ಅವರೇ. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಆ ಮೊಕದ್ದಮೆಯ ಮೊತ್ತ ಏಳು ಸಾವಿರ ಚಿಲ್ಲರೆ ರೂಪಾಯಿ. 1977ರಲ್ಲಿ ಕೆಲಸ ಬಿಟ್ಟವರ ಬಾಕಿಗೆ ತೀರ್ಪು ಬಂದದ್ದು ಹತ್ತು ವರ್ಷಕ್ಕೆ.

ಒಂದು ವಿಚಾರ ತಲೆಯಲ್ಲಿ ಕೊರೆಯುತ್ತಿದೆ. ಫೋರ್ಡಿನ ಹೆಂಗಸರಿಗೂ ಆ ಸ್ಟೆನೋಗ್ರಾಫರಿಗೂ ಗಂಡಸರ ಸಂಬಳ ಎಷ್ಟು ಅಂತ ಗೊತ್ತಿತ್ತು. ಸಂಘದ ಒಪ್ಪಂದದಲ್ಲಿ ಅಚ್ಚಾಗಿತ್ತು, ಕೆಟ್ಟದ್ದಾದರೂ ಕಾಗದದ ಮೇಲಿತ್ತು. ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ ಸಂಬಳದ ಚೀಟಿ ಯಾರಿಗೂ ತೋರಿಸಬಾರದು ಅನ್ನೋ ನಿಯಮವಿತ್ತು. ನನ್ನ ಜೊತೆಗೇ ಸೇರಿ, ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದ ಗೆಳತಿಯೊಬ್ಬಳು ಕೆಲಸ ಬಿಡುವ ದಿನ ಕಾಫಿ ಮಷೀನಿನ ಹತ್ತಿರ ತನ್ನ ಸಂಬಳ ಹೇಳಿದಳು. ನಾನು ನನ್ನದನ್ನು ಹೇಳಲಿಲ್ಲ. ನಿಯಮ ಇತ್ತಲ್ಲ ಅಂತ ಆಗ ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಹೇಳಲು ನಾಚಿಕೆಯಾಯಿತು.

ಬೆಂಗಳೂರಿಗೆ ಹೊರಡುವ ಮುನ್ನ ಅಮ್ಮನಿಗೆ ಅಜ್ಜನ ಪುಸ್ತಕ ತೋರಿಸಿ, ಈಗ ಕೂಲಿ ಎಷ್ಟು ಕೊಡ್ತೀರಿ ಅಂತ ಕೇಳಿದೆ. "ಯಾರಿಗೆ? ಗಂಡಾಳಿಗಾ, ಹೆಣ್ಣಾಳಿಗಾ?" ಅಂದಳು.